12 ದೊಡ್ಡದೋ, 15 ದೊಡ್ಡದೋ?

ನಮ್ಮ ಅಕ್ಕನ ಮಗ ಕುಷ್ಟಗಿಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಲ್ಯಾಮಿನೇಷನ್ನು ಎಲ್ಲಾ ಮಾಡುತ್ತಾನೆ. ಆದರೆ ಹೊಟ್ಟೆ ತುಂಬುವುದು ಮಾತ್ರ ಮದುವೆ ವಿಡಿಯೋದಿಂದ. 2024ರ ದಸರಾ ಮುಗಿದ ವಾರ ಫೋನ್ ಮಾಡಿದ.

"ಮಾಮಾ, ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡಬೇಕಂತ ಮಾಡೀನಿ. ಜೀಫೋರ್ಸ್ 3060 ತಗೊಳ್ಳಲೋ, 4060 ತಗೊಳ್ಳಲೋ? ನೀ ಹೇಳಿದ್ದ ತಗೋತೀನಿ."

ಮನೆಮಂದಿಯಲ್ಲಿ 'ಕಂಪ್ಯೂಟರ್ ಗೊತ್ತಿರುವವನು' ಅಂತ ನನಗೊಂದು ಹೆಸರಿದೆ. ಆ ಹೆಸರು ಉಳಿಸಿಕೊಳ್ಳಬೇಕಲ್ಲ! ಹಾಳೆ, ಪೆನ್ನು ತಗೊಂಡು ಲೆಕ್ಕ ಹಾಕಿದೆ.

ಲೆಕ್ಕ ಬಹಳ ಸುಲಭ. ಕಾರ್ಡಿನಲ್ಲಿ ಎಷ್ಟು ಕೋರ್ ಇವೆ ಅನ್ನುವುದನ್ನು ಅದರ ಗಡಿಯಾರದ ವೇಗದಿಂದ ಗುಣಿಸಿ, ಮತ್ತೆ ಎರಡರಿಂದ ಗುಣಿಸಬೇಕು. ಎರಡು ಯಾಕೆಂದರೆ ಪ್ರತಿ ಕೋರ್ ಒಂದು ಬಡಿತಕ್ಕೆ ಒಂದು ಗುಣಾಕಾರ, ಒಂದು ಸಂಕಲನ ಒಟ್ಟಿಗೆ ಮಾಡುತ್ತದೆ. 2021ರಲ್ಲಿ ಬಂದ 3060ರಲ್ಲಿ 3584 ಕೋರ್, ವೇಗ 1.777 ಗಿಗಾಹರ್ಟ್ಸ್. ಗುಣಿಸಿದರೆ 12.7 ಟೆರಾಫ್ಲಾಪ್ಸ್. 2023ರಲ್ಲಿ ಬಂದ 4060ರಲ್ಲಿ ಕೋರ್ ಕಡಿಮೆ, 3072 ಮಾತ್ರ. ಆದರೆ ವೇಗ 2.46 ಗಿಗಾಹರ್ಟ್ಸ್. ಹಾಗಾಗಿ 15.1 ಟೆರಾಫ್ಲಾಪ್ಸ್. ಒಂದು ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ! ಮೇಲಾಗಿ 3060 ಪೂರ್ತಿ ದುಡಿದರೆ 170 ವ್ಯಾಟ್ ತಿನ್ನುತ್ತದೆ, 4060ಕ್ಕೆ 115 ವ್ಯಾಟ್ ಸಾಕು.

"4060 ತಗೋ. ನೂರಕ್ಕೆ 18ರಷ್ಟು ಜಾಸ್ತಿ ಐತಿ, ಕರೆಂಟೂ ಉಳೀತೈತಿ" ಅಂದೆ.

"ಆದ್ರ ಅದರಾಗ ಮೆಮೊರಿ 8 ಜಿಬಿ ಅಷ್ಟ ಐತಲ್ಲ ಮಾಮಾ? 3060ರಾಗ 12 ಐತಿ."

"ಹೊಸಾದು ಹೊಸಾದ, ಅಳಿಯಾ" ಅಂದು ಫೋನ್ ಇಟ್ಟೆ. ಇಷ್ಟು ದೊಡ್ಡ ಮಾತನ್ನು ಅಷ್ಟು ಹಗುರಾಗಿ ಹೇಳಬಾರದಿತ್ತು.

ಆ ಭಾನುವಾರ ಅಕ್ಕನನ್ನು ನೋಡಲಿಕ್ಕೆ ಗಂಗಾವತಿಯಿಂದ ಕುಷ್ಟಗಿ ಬಸ್ ಹತ್ತಿದೆ. ಗಂಗಾವತಿ ಸುತ್ತ ಎತ್ತ ನೋಡಿದರೂ ಭತ್ತ. ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ಎಲ್ಲರ ಎದೆ ಒಡೆದಿದ್ದರೂ, ಎಡದಂಡೆ ಕಾಲುವೆಗೆ ನೀರು ಬಂದಿತ್ತು. ಕನಕಗಿರಿ ದಾಟಿ ತಾವರಗೇರಾ ಕಡೆ ಹೋಗುತ್ತಿದ್ದ ಹಾಗೆ ಹಸಿರು ಮುಗಿದು ಮಳೆ ನಂಬಿದ ಹೊಲಗಳು ಶುರು. ಅದೇ ಸೂರ್ಯ, ಅಷ್ಟೇ ದುಡಿಯುವ ಜನ. ಕಾಲುವೆ ಬರಲಿಲ್ಲ, ಅಷ್ಟೇ.

ಸ್ಟುಡಿಯೋಕ್ಕೆ ಹೋದಾಗ ಹುಡುಗ ಮದುವೆಯೊಂದರ 4ಕೆ ವಿಡಿಯೋ ಎಡಿಟ್ ಮಾಡುತ್ತಿದ್ದ. ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ತೆಗೆದದ್ದು, ಕಪ್ಪು ಜಾಗದಲ್ಲೆಲ್ಲ ಚುಕ್ಕಿ ಚುಕ್ಕಿ. ಆ ಚುಕ್ಕಿ ತೆಗೆಯುವ ಫಿಲ್ಟರ್ ಹಾಕಿದ ಕೂಡಲೇ ಮಷಿನ್ ನಿಂತಂತಾಯಿತು. ಕೊನೆಗೆ ಗ್ರಾಫಿಕ್ಸ್ ಮೆಮೊರಿ ತುಂಬಿದೆ ಅನ್ನುವ ಸಂದೇಶ.

ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಅವನ ಹಳೇ ಕಾರ್ಡಿನ 4 ಜಿಬಿ ಪೂರ್ತಿ ಭರ್ತಿ. ಅದು ಸಾಲದೆ ಕಂಪ್ಯೂಟರಿನ ರ‍್ಯಾಮಿನಿಂದ ಇನ್ನೂ 5 ಜಿಬಿ ಸಾಲ ತಗೊಂಡಿತ್ತು. ಆದರೆ ಕಾರ್ಡು ದುಡಿಯುತ್ತಿದ್ದದ್ದು ನೂರಕ್ಕೆ ಮೂವತ್ತರಷ್ಟು ಮಾತ್ರ! ಉಳಿದ ಹೊತ್ತೆಲ್ಲ ಡೇಟಾ ಯಾವಾಗ ಬರುತ್ತದೋ ಅಂತ ಕಾಯುತ್ತಾ ಕೂತಿತ್ತು.

4 ಕೂಡಿಸು 5, ಒಂಬತ್ತಾಯಿತು. ನಾನು ಕೊಡಿಸ ಹೊರಟಿದ್ದ ಕಾರ್ಡಿನಲ್ಲಿ ಇರುವುದು ಎಂಟು.

ಬಸ್ಸಿನಲ್ಲಿ ನೋಡಿದ ಹೊಲಗಳು ನೆನಪಾದವು. ಟೆರಾಫ್ಲಾಪ್ಸ್ ಅನ್ನುವುದು ಎಲ್ಲಾ ಹೊಲಕ್ಕೂ ಎಲ್ಲಾ ಹೊತ್ತೂ ನೀರು ಇದೆ ಅಂದುಕೊಂಡು ಹಾಕಿದ ಇಳುವರಿಯ ಲೆಕ್ಕ. ನಮ್ಮ ಡ್ಯಾಮೇ ಕಟ್ಟಿದಾಗ 133 ಟಿಎಂಸಿ, ಹೂಳು ತುಂಬಿ ಈಗ ಹಿಡಿಯುವುದು 105ರ ಆಸುಪಾಸು. ಕಾಗದದ ಮೇಲಿನ ನೀರು ಬೇರೆ, ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟುವ ನೀರು ಬೇರೆ. ಮಾನ್ವಿ, ಸಿರವಾರ ಕಡೆಯ ರೈತರನ್ನು ಕೇಳಿ, ಹೇಳುತ್ತಾರೆ.

ಹೊಸದಾಗಿ ಹಾಳೆ ತಗೊಂಡು ಈ ಸಲ ಕಾಲುವೆಯ ಲೆಕ್ಕ ಹಾಕಿದೆ. 3060ರ ಮೆಮೊರಿ ದಾರಿ 192 ಬಿಟ್ ಅಗಲ, ಸೆಕೆಂಡಿಗೆ 360 ಜಿಬಿ ಹರಿಯುತ್ತದೆ. 4060ರದ್ದು 128 ಬಿಟ್, ಹರಿಯುವುದು 272 ಜಿಬಿ. ಹೊಸ ಕಾರ್ಡಿನ ಕಾಲುವೆ ನೂರಕ್ಕೆ 24ರಷ್ಟು ಸಣ್ಣದು! ಇದಕ್ಕೆ ಪರಿಹಾರವಾಗಿ 4060ರ ಚಿಪ್ಪಿನೊಳಗೇ 24 ಎಂಬಿ ಎಲ್2 ಕ್ಯಾಶ್ ಇಟ್ಟಿದ್ದಾರೆ, 3060ರಲ್ಲಿ 3 ಎಂಬಿ. ಹೊಲದಲ್ಲೇ ಕೃಷಿ ಹೊಂಡ ತೋಡಿದ ಹಾಗೆ. ಗೇಮ್ ಆಡುವವರಿಗೆ ಈ ಹೊಂಡ ಬಹಳ ಮಟ್ಟಿಗೆ ಸಾಕು, ಬಹುತೇಕ ಆಟಗಳಲ್ಲಿ 4060ಯೇ ಮುಂದೆ. ಆದರೆ 9 ಜಿಬಿ ಕೆಲಸವನ್ನು 8 ಜಿಬಿಯಲ್ಲಿ ಹಿಡಿಸಲು ಹೊಂಡದಿಂದ ಆಗುವುದಿಲ್ಲ.

ಇನ್ನೊಂದು ತೊಡಕು. ಮೆಮೊರಿ ತುಂಬಿ ಹೊರಗಿನಿಂದ ತರಬೇಕಾದಾಗ ದಾರಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು. 3060 ಅದರಲ್ಲಿ 16 ಲೇನ್ ಬಳಸುತ್ತದೆ, 4060 ಬರೀ 8. ಇವನ ಮದರ್‌ಬೋರ್ಡು ಹಳೇ ಮೂರನೇ ತಲೆಮಾರಿನದು. 4060 ಹಾಕಿದರೆ ಅಲ್ಲಿ ಸಿಗುವುದು ಸೆಕೆಂಡಿಗೆ 8 ಜಿಬಿ ಅಷ್ಟೇ.

4060ಕ್ಕೆ ಎವಿ1 ಎನ್‌ಕೋಡಿಂಗ್ ಬರುತ್ತದೆ, 3060ಕ್ಕೆ ಬರುವುದಿಲ್ಲ. "ಬೇಕೇನೋ?" ಅಂತ ಕೇಳಿದೆ. "ಮಂದಿ ಪೆನ್ ಡ್ರೈವ್ ಒಯ್ದು ಹಳೇ ಟಿವಿಗೆ ಚುಚ್ಚತಾರ ಮಾಮಾ. ಎವಿ1 ಕೊಟ್ರ ಹೊಳ್ಳಿ ಬಂದು ಬೈತಾರ" ಅಂದ.

ಊಟಕ್ಕೆ ಕೂತಾಗ ಅಕ್ಕನ ಕೊರಳು ನೋಡಿದೆ. ಎರಡೆಳೆ ಸರ ಇರಲಿಲ್ಲ. ಕೇಳಿದರೆ, "ಅವನ ಮಷಿನ್ನಿಗೆ ಅಂತ ಒತ್ತಿ ಇಟ್ಟೀನಿ ಬಿಡು. ಮದುವಿ ಸೀಜನ್ ಮುಗದ ಮ್ಯಾಲ ಬಿಡಿಸ್ಕೊಡ್ತಾನ" ಅಂದಳು. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನಾನು ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿದ ಮಾತಿನ ಮೇಲೆ ಆ ಸರ ನಿಂತಿತ್ತು.

ಕೈ ತೊಳೆದು ಹುಡುಗನನ್ನು ಕರೆದು, "ನಾ ಹೇಳಿದ್ದು ತಪ್ಪು. ನೀ ಕೇಳಿದ್ದ ಖರೆ. 3060 ತಗೋ. ಆದ್ರ ಡಬ್ಬಿ ಮ್ಯಾಲ 12 ಜಿಬಿ ಅಂತ ಓದೇ ತಗೋ" ಅಂದೆ. ಅದೇ ಹೆಸರಲ್ಲಿ 8 ಜಿಬಿಯದೂ ಒಂದಿದೆ, ಅದರ ಕಾಲುವೆ ಬರೀ 240 ಜಿಬಿ. ಹೆಸರು ನೋಡಿ ತಗೊಂಡವನು ಕೆಟ್ಟ!

ಸೋಮವಾರ ಹುಬ್ಬಳ್ಳಿಗೆ ಹೋಗಿ ತಂದ. ಆ ಮದುವೆಯ ವಿಡಿಯೋ ಒಮ್ಮೆಯೂ ನಿಲ್ಲದೆ ರೆಂಡರ್ ಆಯಿತು. ನಷ್ಟವೇ ಇಲ್ಲ ಅಂತಲ್ಲ. 55 ವ್ಯಾಟ್ ಜಾಸ್ತಿ ಅಂದರೆ ಹತ್ತು ತಾಸಿಗೆ ಅರ್ಧ ಯೂನಿಟ್ ಹೆಚ್ಚು ಖರ್ಚು. ಕರೆಂಟ್ ಹೋದಾಗ ಅವನ ಸಣ್ಣ ಯುಪಿಎಸ್ ಕೂಗಿಕೊಳ್ಳುತ್ತದೆ. ಅವನು ಬರೀ ಆಟ ಆಡುವವನಾಗಿದ್ದರೆ ನನ್ನ ಮೊದಲಿನ ಮಾತೇ ಸರಿ ಇರುತ್ತಿತ್ತು.

2025ರಲ್ಲಿ 5060 ಬಂದಿದೆ. ಕಾಲುವೆ ಸೆಕೆಂಡಿಗೆ 448 ಜಿಬಿಗೆ ದೊಡ್ಡದಾಯಿತು, ಆದರೆ ಮೆಮೊರಿ ಮತ್ತೆ ಅದೇ 8. ಈಗ ಯಾರಾದರೂ "ಯಾವ ಕಾರ್ಡ್ ಒಳ್ಳೇದು?" ಅಂತ ಕೇಳಿದರೆ ನಾನು ಹಾಳೆ, ಪೆನ್ನು ಹುಡುಕುವುದಿಲ್ಲ. "ನಿಮ್ಮ ಮಷಿನ್ನಿನಲ್ಲಿ ಕೆಲಸ ಎಲ್ಲಿ ನಿಲ್ತದ, ಮೊದಲು ಅದನ್ನ ತೋರಿಸ್ರಿ" ಅಂತೀನಿ.

ಸರ ಬಿಡಿಸಿದ್ದಾನೆ. ಸೀಜನ್ ಮುಗಿಯುವ ತನಕ ನಾನೂ ಅದನ್ನೇ ಕಾಯುತ್ತಿದ್ದೆ ಅಂತ ಅಕ್ಕನಿಗೆ ಇನ್ನೂ ಹೇಳಿಲ್ಲ.