ಬಿಗಿದುಹೋದ ಕೊಂಡಿ

ಯಂತ್ರಗಳ ವಿಷಯವಾಗಿ ಬರೆಯುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಿಕ್ಷಕ ತರಬೇತಿ ಮುಗಿಸಿ ಬಂದಂದಿನಿಂದ ಹಳ್ಳಿಯ ಮಕ್ಕಳಿಗೆ ಅಕ್ಷರ, ಅಂಕಗಣಿತ ಹೇಳಿಕೊಡುತ್ತ ಬಂದ ಕೈಗಳಿವು. ಸೀಮೆಸುಣ್ಣದ ಹುಡಿಯಲ್ಲದೆ ಗ್ರೀಸಿನ ಕಪ್ಪು ಇವಕ್ಕೆ ಅಂಟಿದ್ದು ಕಡಿಮೆ. ಆದರೂ ಕಳೆದ ವರ್ಷ ನನ್ನ ತಮ್ಮನ ಪಿಕಪ್ ವಾಹನದ ಹಿಂಬದಿಯ ಕೊಂಡಿಗಳನ್ನು ಬದಲಿಸಿದಾಗ ನಾನು ಕಲಿತ ಪಾಠವು, ಮನೆಯಲ್ಲಿ ವಾಹನವನ್ನೂ ವೃದ್ಧರನ್ನೂ ಉಳ್ಳ ವಾಚಕರಿಗೆ ಪ್ರಯೋಜನಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಾಳವಾಡಿ ಸೀಮೆ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ನಾವು ಮದ್ರಾಸ್ ರಾಜ್ಯದಲ್ಲಿಯೇ ಉಳಿದೆವು. ಇಂದು ಈರೋಡು ಜಿಲ್ಲೆಯವರು. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಸುತ್ತಬೇಕು. ಚಾಮರಾಜನಗರಕ್ಕಾದರೋ ಘಾಟಿಯಿಲ್ಲದ ದಾರಿ. ಆದಕಾರಣ ಕೋಸು, ಟೊಮೇಟೊ ಮಾರುವುದಕ್ಕೂ, ಕಾಯಿಲೆಗೆ ಔಷಧ ತರುವುದಕ್ಕೂ ಗಡಿ ದಾಟುವುದು ನಮಗೆ ನಿತ್ಯದ ಸಂಗತಿ.

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ತಾಯಿಯವರು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯೇನೋ ಸುಸೂತ್ರವಾಗಿ ನಡೆಯಿತು. ಅನಂತರ ವಾರಕ್ಕೊಮ್ಮೆ ಅವರನ್ನು ಚಾಮರಾಜನಗರಕ್ಕೆ ಕರೆದೊಯ್ಯುವ ಹೊಣೆ ನಮ್ಮ ಮೇಲೆ ಬಿತ್ತು. ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದ ಆಗದ ಮಾತು. ಬಾಡಿಗೆ ಕಾರಿಗೆ ವಾರವಾರವೂ ಹಣ ತೆರುವುದು ನಮ್ಮಿಂದ ಆಗದ ಮಾತು. ಉಳಿದದ್ದು ತಮ್ಮನು ತರಕಾರಿ ಸಾಗಿಸುವ ಪಿಕಪ್. ಮುಂದಿನ ಆಸನಕ್ಕೆ ಹಾಸಿಗೆ ಮಡಚಿ ಹಾಕಿ ಅವರನ್ನು ಎತ್ತಿ ಕೂರಿಸುತ್ತಿದ್ದೆವು. ರಸ್ತೆಯ ಪ್ರತಿಯೊಂದು ಹಳ್ಳಕ್ಕೂ ವಾಹನವು ಎತ್ತಿ ಕುಕ್ಕುತ್ತಿತ್ತು. ಅವರು ಮುಂದಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು. ನೋವೆಂದು ಒಂದು ದಿನವೂ ಹೇಳಲಿಲ್ಲ. ಆದರೆ ಮೂರನೆಯ ವಾರ, "ಇನ್ನು ನಾನು ಬರುವುದಿಲ್ಲ, ಇದ್ದಷ್ಟು ದಿನ ಹೀಗೆಯೇ ಇರುತ್ತೇನೆ" ಎಂದುಬಿಟ್ಟರು. ಆ ಮಾತು ಕೇಳಿ ತಮ್ಮನೂ ನಾನೂ ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಹೋದೆವು.

ವಿದ್ಯಾವಂತನೆಂಬ ಅಭಿಮಾನದಿಂದ ನಾನೊಂದು ಉಪಾಯ ಸೂಚಿಸಿದೆ. ಚಕ್ರಗಳ ಗಾಳಿಯನ್ನು ಇಳಿಸಿದರೆ ಕುಲುಕಾಟ ತಗ್ಗೀತೆಂಬುದು ನನ್ನ ತರ್ಕ. ತಮ್ಮನು ಅಣ್ಣನ ಮಾತಿಗೆ ಎದುರಾಡದೆ ಹಾಗೆಯೇ ಮಾಡಿದ. ಕುಲುಕಾಟ ಎಳ್ಳಷ್ಟು ಇಳಿಯಿತೋ ಇಲ್ಲವೋ ತಿಳಿಯದು; ಅದೇ ಗಾಳಿಯಲ್ಲಿ ಕೋಸಿನ ಮೂಟೆ ಹೇರಿಕೊಂಡು ಎರಡು ವಾರ ಓಡಾಡಿದ್ದರಿಂದ ಹಿಂದಿನ ಟೈರುಗಳ ಅಂಚುಗಳು ಸವೆದುಹೋದವು. ಕಡಿಮೆ ಗಾಳಿಯ ಟೈರಿನ ಮೇಲೆ ಭಾರ ಬಿದ್ದಾಗ ಅದರ ಪಕ್ಕಗಳು ಅತಿಯಾಗಿ ಬಳುಕಿ ಕಾಯುತ್ತವೆ, ಕೊನೆಗೆ ಸಿಡಿಯಲೂಬಹುದು ಎಂಬುದನ್ನು ನಾನು ಅನಂತರ ತಿಳಿದೆ.

ನಿಜವಾದ ಸುಳಿವು ಕೊಟ್ಟವರು ನಮ್ಮ ತಾಯಿಯವರೇ. "ಮೂಟೆ ತುಂಬಿದಾಗಲೂ ಗಾಡಿ ಹೀಗೇ ಕುಕ್ಕುತ್ತದಲ್ಲ, ಮೊದಲೆಲ್ಲ ಭಾರವಿದ್ದರೆ ಮೆತ್ತಗೆ ಹೋಗುತ್ತಿತ್ತು" ಎಂದರು. ಈ ಮಾತನ್ನು ತಮ್ಮನು ಊರಿನ ವರ್ಕ್‌ಶಾಪಿನಲ್ಲಿ ಹೇಳಿದೊಡನೆ ಅಲ್ಲಿನ ಮೆಕ್ಯಾನಿಕನು ವಾಹನದ ಅಡಿಗೆ ನುಸುಳಿದ. ಅವನು ನನ್ನ ಹಳೆಯ ವಿದ್ಯಾರ್ಥಿ. ರೇಖಾಗಣಿತದಲ್ಲಿ ಎಂದೂ ತೇರ್ಗಡೆಯಾಗದೆ ಓದು ಬಿಟ್ಟವನು. "ಮೇಷ್ಟ್ರೇ, ನೀವೂ ಬಗ್ಗಿ ನೋಡಿ" ಎಂದು ಕರೆದ.

ಪಿಕಪ್ಪಿನ ಹಿಂದಿನ ಭಾರವನ್ನು ಹೊರುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನು ಪಟ್ಟಿಗಳು. ಅವುಗಳಲ್ಲಿ ದೊಡ್ಡದಾದ ಪಟ್ಟಿಯ ಮುಂದಿನ ತುದಿಯು ಚಾಸಿಗೆ ನೇರವಾಗಿ ಸೇರಿರುತ್ತದೆ. ಹಿಂದಿನ ತುದಿ ಮಾತ್ರ ತೂಗಾಡುವ ಒಂದು ಕೊಂಡಿಯ ಮೂಲಕ ಸೇರಿರುತ್ತದೆ. ಅದನ್ನೇ ಶ್ಯಾಕಲ್ ಎನ್ನುತ್ತಾರೆ. "ಭಾರ ಬಿದ್ದಾಗ ಪಟ್ಟಿಯ ಬಾಗು ಕಡಿಮೆಯಾಗುತ್ತದೆ, ಆಗ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಹೆಚ್ಚಿದ ಅಂತರಕ್ಕೆ ಜಾಗ ಬೇಕಲ್ಲ? ಅದಕ್ಕೇ ಈ ಕೊಂಡಿ ಹಿಂದಕ್ಕೆ ತೂಗಬೇಕು. ನಿಮ್ಮ ಗಾಡಿಯಲ್ಲಿ ಅದು ತೂಗುತ್ತಲೇ ಇಲ್ಲ" ಎಂದು ಅವನು ತೋರಿಸಿದ. ಬೋಲ್ಟಿನ ಸುತ್ತಲಿನ ರಬ್ಬರ್ ಬುಷ್ ಒಣಗಿ ಬಿರಿದು, ತುಕ್ಕು ತುಂಬಿ, ಕೊಂಡಿಯು ಬಿಗಿದುಹೋಗಿತ್ತು. ಪಟ್ಟಿಗೆ ಚಾಚಿಕೊಳ್ಳುವ ಅವಕಾಶವಿಲ್ಲದ್ದರಿಂದ ರಸ್ತೆಯ ಪೆಟ್ಟೆಲ್ಲ ನೇರವಾಗಿ ಚಾಸಿಗೂ, ಅಲ್ಲಿಂದ ನಮ್ಮ ತಾಯಿಯ ಸೊಂಟಕ್ಕೂ ತಲಪುತ್ತಿತ್ತು.

ನಾನು ಬಗ್ಗಿದವನು ಬಗ್ಗಿದಂತೆಯೇ ಇದ್ದೆ. ಕಂಸದ ಉದ್ದ ಬದಲಾಗದೆ ಅದರ ಬಾಗು ಇಳಿದರೆ ಜ್ಯಾ ಉದ್ದವಾಗುತ್ತದೆ. ಎಷ್ಟು ವರ್ಷಗಳಿಂದ ಇದನ್ನು ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ! "ಇದರಿಂದ ಏನು ಉಪಯೋಗ ಸಾರ್?" ಎಂದು ಈ ಹುಡುಗನು ಆಗ ಕೇಳಿದ್ದನೋ ಇಲ್ಲವೋ ನೆನಪಿಲ್ಲ. ಆದರೆ ಹಾಗೆ ಕೇಳಿದ ಯಾವ ಹುಡುಗನಿಗೂ ನಾನು ಉತ್ತರ ಕೊಟ್ಟವನಲ್ಲ. ಪರೀಕ್ಷೆಗೆ ಬರುತ್ತದೆ, ಕಲಿತುಕೋ ಎಂದಷ್ಟೇ ಹೇಳಿ ಕೂರಿಸಿದ್ದೆ.

ಕೆಲಸಕ್ಕೆ ಒಂದೂವರೆ ದಿನ ಹಿಡಿಯಿತು. ಮೊದಲ ಸಂಜೆ ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟುಗಳಿಗೆ ಸುರಿದು ರಾತ್ರಿಯಿಡೀ ನೆನೆಯಲು ಬಿಟ್ಟ. ಮರುದಿನ ಮುಂದಿನ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಚಾಸಿಯನ್ನು ಜಾಕಿನಿಂದ ಎತ್ತಿ ಗಟ್ಟಿಯಾದ ಆಸರೆಗಳ ಮೇಲೆ ನಿಲ್ಲಿಸಿದ. ಆಕ್ಸಲಿಗೆ ಬೇರೆ ಜಾಕನ್ನು ಕೊಟ್ಟು ಪಟ್ಟಿಯ ಮೇಲಿನ ಒತ್ತಡವನ್ನು ಇಳಿಸಿದ. ಬರಿಯ ಜಾಕನ್ನು ನಂಬಿ ವಾಹನದ ಅಡಿಗೆ ಹೋಗಕೂಡದೆಂದು ತನ್ನ ಕೈಕೆಳಗಿನ ಹುಡುಗನಿಗೆ ಎರಡೆರಡು ಬಾರಿ ಹೇಳಿದ್ದು ನನಗೆ ಹಿಡಿಸಿತು. ಒಂದು ಬದಿಯದು ಅಷ್ಟೇನೂ ಕೆಟ್ಟಿರಲಿಲ್ಲವಾದರೂ, ಎರಡೂ ಬದಿಗಳು ಸಮನಾಗಿ ತೂಗಬೇಕೆಂದು ಕೊಂಡಿಗಳನ್ನೂ ಬುಷ್‌ಗಳನ್ನೂ ಜೊತೆಯಾಗಿಯೇ ಬದಲಿಸಿದ. ರಬ್ಬರನ್ನು ಗ್ರೀಸು ಕೆಡಿಸುತ್ತದೆಂದು ಸೋಪಿನ ನೀರನ್ನು ಹಚ್ಚಿ ಒಳಗೆ ತಳ್ಳಿದ. ಉದ್ದನೆಯ ಕೊಂಡಿ ಹಾಕಿದರೆ ಇನ್ನಷ್ಟು ಮೆತ್ತಗಾದೀತೇ ಎಂದು ತಮ್ಮನು ಕೇಳಿದ್ದಕ್ಕೆ, ಅದರಿಂದ ಗಾಡಿಯ ಹಿಂಭಾಗ ಎತ್ತರವಾಗುವುದೇ ಹೊರತು ಮೃದುವಾಗುವುದಿಲ್ಲ, ಮೊದಲಿನ ಅಳತೆಯದೇ ಸರಿ ಎಂದ.

ಎಲ್ಲ ಜೋಡಿಸಿಯಾದ ಮೇಲೆ, ನನ್ನ ಕೈಗೂ ಕೆಲಸವಿರಲೆಂದು ಪಾನಾ ಹಿಡಿದು ನಟ್ಟನ್ನು ಬಿಗಿಯಹೋದೆ. "ಈಗ ಬೇಡಿ ಮೇಷ್ಟ್ರೇ, ಚಕ್ರ ನೆಲಕ್ಕೂರಿ ಗಾಡಿ ತನ್ನ ಭಾರವನ್ನು ತಾನೇ ಹೊತ್ತ ಮೇಲೆ ಬಿಗಿಯಬೇಕು" ಎಂದು ಅವನು ತಡೆದ. ತೂಗಾಡುವ ಸ್ಥಿತಿಯಲ್ಲಿಯೇ ಬಿಗಿದರೆ ರಬ್ಬರು ಆ ಸ್ಥಿತಿಗೆ ಕಟ್ಟುಬಿದ್ದು, ಭಾರ ಬಂದಾಗಲೆಲ್ಲ ತಿರುಚಿಕೊಂಡು ಬೇಗನೆ ಹರಿದುಹೋಗುವುದಂತೆ. ನಾನು ಪಾನಾವನ್ನು ಕೆಳಗಿಟ್ಟೆ. ಭಾರ ಹೊರುವ ಸ್ಥಿತಿಗೆ ಬರುವ ಮೊದಲೇ ನಾನು ಬಿಗಿದ ಮಕ್ಕಳೆಷ್ಟೋ ಎಂಬ ಯೋಚನೆ ಆ ರಾತ್ರಿ ನನ್ನನ್ನು ಬಿಡಲಿಲ್ಲ.

ಮುಂದಿನ ವಾರ ತಾಯಿಯವರನ್ನು ಬಹಳ ಒಪ್ಪಿಸಿ ಕೂರಿಸಿದೆವು. ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿದ್ದೆವು. ಬರಿದಾದ ಗಾಡಿಯ ಪಟ್ಟಿಗಳು ಸ್ವಭಾವತಃ ಗಡುಸಾದುದರಿಂದ ಹಿಂದೆ ನಾಲ್ಕು ಮೂಟೆ ಆಲೂಗೆಡ್ಡೆಯನ್ನೂ ಹೇರಿದ್ದೆವು. ಸರಕಿನ ವಾಹನವು ಪಲ್ಲಕ್ಕಿಯಾಗಲಿಲ್ಲ. ಹಳ್ಳ ಬಂದಲ್ಲಿ ಈಗಲೂ ಅಲುಗಿತು. ಆದರೆ ಆ ಕುಕ್ಕಾಟ ಹೋಗಿತ್ತು. ಅರ್ಧ ದಾರಿಯಲ್ಲಿ ನೋಡುತ್ತೇನೆ, ತಾಯಿಯವರ ಕೈ ಹಿಡಿಕೆಯನ್ನು ಬಿಟ್ಟು ಮಡಿಲಿನ ಮೇಲಿತ್ತು. ಅವರಿಗೆ ನಿದ್ರೆ ಹತ್ತಿತ್ತು. ತಮ್ಮನು ಮಾತನಾಡದೆ ಗಾಡಿಯನ್ನು ಇನ್ನಷ್ಟು ನಿಧಾನಗೊಳಿಸಿದ.

ಈಗ ಅವರು ಕೋಲೂರಿಕೊಂಡು ತುಳಸಿಕಟ್ಟೆಯ ವರೆಗೆ ನಡೆಯುತ್ತಾರೆ. ಮೆಕ್ಯಾನಿಕನು ಗುರುವೆಂದು ಒಂದು ರೂಪಾಯಿಯನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಒಪ್ಪುತ್ತಲೂ ಇರಲಿಲ್ಲ. ಆದರೆ ಅವನಲ್ಲಿ ಒಂದು ಬೇಡಿಕೆಯಿಟ್ಟೆ. ತೆಗೆದುಹಾಕಿದ ಹಳೆಯ ಕೊಂಡಿಯನ್ನು ಕೇಳಿ ಪಡೆದು ಶಾಲೆಗೆ ತಂದೆ. ಈ ವರ್ಷ ಕಂಸ, ಜ್ಯಾಗಳ ಪಾಠ ಬಂದ ದಿನ ಅದನ್ನು ಮೇಜಿನ ಮೇಲಿಟ್ಟೆ. ಒಂದು ಬಿದಿರಿನ ದಬ್ಬೆಯನ್ನು ಬಾಗಿಸಿ ಮಕ್ಕಳ ಕೈಗೆ ಕೊಟ್ಟು, ಮೇಲಿನಿಂದ ಒತ್ತಿ ತುದಿಗಳ ಅಂತರವನ್ನು ಅಳೆಯಿರೆಂದೆ. ಹಿಂದಿನ ಸಾಲಿನಲ್ಲಿ ಕೂರುವ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಎದ್ದು ಬಂದ.