ನಾಯಕನಹಟ್ಟಿಯ ದಾರಿ, ಹಳೆಯ ಬೈಕಿನ ಗಾಲಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಎಂದೊಡನೆ ನೆನಪಾಗುವುದು ತಿಪ್ಪೇರುದ್ರಸ್ವಾಮಿ. ಕೆರೆಗಳನ್ನು ಕಟ್ಟಿಸಿ ಬಯಲುಸೀಮೆಯ ಜನರಿಗೆ ದುಡಿಮೆಯ ಪಾಠ ಹೇಳಿದ ಸಂತ ಎಂದು ಜನ ನಂಬಿದ ಈ ಸ್ವಾಮಿಯ ತೇರು ಹರಿಯುವುದು ಫಾಲ್ಗುಣದಲ್ಲಿ. ಅಂದು ಊರಿನ ದಾರಿಗಳೆಲ್ಲ ಜನವೋ ಜನ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಬಸ್ಸುಗಳ ನಡುವೆ ಹಳೆಯ ಯೆಜ್ಡಿ, ಬುಲೆಟ್‌ಗಳೂ ಕಾಣಸಿಗುತ್ತವೆ. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು.

ಯೆಜ್ಡಿಯ ತವರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ಓಡುತ್ತಲೇ ಇವೆ. ಕಾರ್ಬುರೇಟರ್, ಸೈಲೆನ್ಸರ್ ಬಗ್ಗೆ ಅಕ್ಕರೆ ತೋರುವ ಯಜಮಾನರು ಟೈರಿನತ್ತ ನೋಡುವುದು ಕಡಿಮೆ. ಆದರೆ ಗಾಡಿಗೂ ನೆಲಕ್ಕೂ ಇರುವ ನಂಟು ಅಂಗೈಯಷ್ಟು ರಬ್ಬರು. ಬ್ರೇಕು ಗಾಲಿಯನ್ನು ನಿಲ್ಲಿಸುತ್ತದೆ. ಗಾಡಿಯನ್ನು ನಿಲ್ಲಿಸುವುದು ಟೈರು.

ಇಲ್ಲಿಯ ದಾರಿಯೂ ಸುಲಭದ್ದಲ್ಲ. ಅಂಚಿನಲ್ಲಿ ಮಣ್ಣು, ಬೇಲಿಯಲ್ಲಿ ಜಾಲಿಮುಳ್ಳು, ಸುಗ್ಗಿಯಲ್ಲಿ ಡಾಂಬರಿನ ಮೇಲೆಯೇ ಹರಡಿದ ಒಕ್ಕಣೆ. ತಿಂಗಳುಗಟ್ಟಲೆ ಒಣಗಿದ ರಸ್ತೆಗೆ ಮೊದಲ ಮಳೆ ಬಿದ್ದರೆ ಧೂಳು, ಎಣ್ಣೆ ಬೆರೆತು ಜಾರುಬಂಡೆಯೇ ಸರಿ. ಉದುರು ಕಾಳಿನ ಮೇಲೆ ಯಾವ ಟೈರೂ ಹಿಡಿಯದು. ಅಲ್ಲಿ ನಿಧಾನವೊಂದೇ ಮದ್ದು.

ಹಳೆಯ ಬುಲೆಟ್ 350ಕ್ಕೆ 3.25-19, ಜಾವಾಕ್ಕೆ 3.25-16 ಅಳತೆಯ ಟೈರು. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ. ದಪ್ಪ ಟೈರು ಹಾಕಿದರೆ ಹಿಡಿತ ಹೆಚ್ಚೆಂಬುದು ತಪ್ಪು ತಿಳಿವಳಿಕೆ. ಕಿರಿದಾದ ರಿಮ್ಮಿಗೆ ಅಗಲದ ಟೈರು ಕೂರಿಸಿದರೆ ಪಕ್ಕಗಳು ಒಳಗೆ ಹಿಂಡಿ ಟೈರಿನ ಆಕಾರವೇ ಕೆಡುತ್ತದೆ. ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಮುಂದಿನ ಗಾಲಿಗೆ ಸುತ್ತಲೂ ಉದ್ದ ಗೀರುಗಳಿರುವ ರಿಬ್ ಟೈರು ವಾಡಿಕೆ. ಅದು ಹ್ಯಾಂಡಲನ್ನು ನೇರ ಹಿಡಿಯುತ್ತದೆ. ಹಿಂದಿನದಕ್ಕೆ ಬಟನ್ ಟೈರಿದ್ದರೆ ಮಣ್ಣಿನಲ್ಲಿ ತಳ್ಳುವ ಬಲ ಹೆಚ್ಚು. ಮೃದು ರಬ್ಬರು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಡುಸು ರಬ್ಬರಿನ ಗುಣ ಇದರ ತಿರುವು ಮುರುವು.

ವರ್ಷಕ್ಕೆ ನಾಲ್ಕು ಸಲ ಹೊರಬರುವ ಗಾಡಿಯಲ್ಲಿ ಬಟನ್ ಸವೆಯುವ ಮೊದಲೇ ರಬ್ಬರಿಗೆ ಮುಪ್ಪು ಬರುತ್ತದೆ. ನೋಡಲು ಹೊಸದು, ಮುಟ್ಟಿದರೆ ಹಲಗೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಲ್ಲಿ ಅದರ ಜಾತಕವಿದೆ: 1223 ಎಂದಿದ್ದರೆ 2023ರ 12ನೇ ವಾರದಲ್ಲಿ ತಯಾರಾದದ್ದು. ಕೊಳ್ಳುವಾಗ ಇದನ್ನು ಓದಬೇಕು. ಟೈರಿನೊಂದಿಗೆ ಟ್ಯೂಬೂ ಹೊಸದಾಗಲಿ. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಪಟ್ಟಿಯನ್ನೂ ಬದಲಿಸುವುದು ಒಳ್ಳೆಯದು.

ಹೊಸ ಟೈರಿನ ನುಣುಪು ಹೋಗಲು ನೂರಾರು ಕಿಲೋಮೀಟರ್ ಬೇಕು. ತೇರಿನ ಹಿಂದಿನ ದಿನ ಟೈರು ಹಾಕಿಸಿ, ಮರುದಿನ ಹೆಂಡತಿ ಮಗುವನ್ನು ಕೂರಿಸಿಕೊಂಡು ಹೊರಡುವುದು ಜಾಣತನವಲ್ಲ. ಎರಡು ವಾರ ಮೊದಲೇ ಹಾಕಿಸಿ, ಒಬ್ಬರೇ ಓಡಿಸಿ ಹದ ಮಾಡಿಕೊಂಡರೆ ಹರಕೆ ಹೊತ್ತವರು ಸುಖವಾಗಿ ಹೋಗಿ ಬರಬಹುದು.