ಕೆಮ್ಮಿನ ಲೆಕ್ಕ

2025 ಜೂನ್ 10, ಮಂಗಳವಾರ

ತರಗತಿ ಮುಗಿದಾಗ ರಾತ್ರಿ ಹತ್ತೂವರೆ. ಕ್ಲಿನಿಕಲ್ ಎಪಿಡೆಮಿಯಾಲಜಿಯ ಈ ಸ್ನಾತಕೋತ್ತರ ಓದಿಗೆ ವೈದ್ಯರಷ್ಟೇ ಸೇರಿಲ್ಲ. ನಮ್ಮ ಗುಂಪಿನಲ್ಲಿ ಕಲಬುರಗಿ ಕಡೆಯ ನರ್ಸಿಂಗ್ ಆಫೀಸರ್ ಒಬ್ಬರಿದ್ದಾರೆ, ಫಿಸಿಯೋಥೆರಪಿಸ್ಟ್ ಇದ್ದಾರೆ, ಫಾರ್ಮಸಿಸ್ಟ್ ಇದ್ದಾರೆ. ಒಳ್ಳೆಯ ಪ್ರಶ್ನೆಗಳು ಹೆಚ್ಚಾಗಿ ಅವರಿಂದಲೇ ಬರುತ್ತವೆ.

ಇವತ್ತಿನ ಪಾಠ ರೋಗಪರೀಕ್ಷೆಗಳನ್ನು ಎಷ್ಟು ನಂಬಬಹುದು ಎಂಬುದರ ಬಗ್ಗೆ. ಸಾವಿರ ಜನರಲ್ಲಿ ಹತ್ತು ಜನಕ್ಕೆ ರೋಗವಿದೆ ಎನ್ನೋಣ. ಪರೀಕ್ಷೆ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ, ಆರೋಗ್ಯವಾಗಿರುವ ನೂರರಲ್ಲಿ ಐವರನ್ನು ತಪ್ಪಾಗಿ ರೋಗಿ ಎನ್ನುತ್ತದೆ. ಆಗ ಪಾಸಿಟಿವ್ ಬರುವವರು ಸುಮಾರು 59 ಜನ, ನಿಜವಾಗಿ ರೋಗವಿರುವುದು 9 ಜನಕ್ಕೆ. ಅದೇ ಪರೀಕ್ಷೆಯನ್ನು ಅರ್ಧದಷ್ಟು ಜನಕ್ಕೆ ರೋಗವಿರುವ ಕಡೆ ಸಾವಿರ ಜನಕ್ಕೆ ಮಾಡಿದರೆ ಪಾಸಿಟಿವ್ ಬಂದ 475ರಲ್ಲಿ 450 ನಿಜ. ಪರೀಕ್ಷೆ ಬದಲಾಗಲಿಲ್ಲ, ಯಾರಿಗೆ ಮಾಡಿದೆವು ಎಂಬುದಷ್ಟೇ ಬದಲಾಯಿತು.

ಬೆಳಿಗ್ಗೆ ಓಪಿಡಿಗೆ ಬಂದಿದ್ದ ತಾಯಿಯೊಬ್ಬಳು ನೆನಪಾದಳು. ಮಗನಿಗೆ ಮೂರು ದಿನದ ಜ್ವರ, ಕೈಯಲ್ಲಿ ಹೊರಗಿನ ಲ್ಯಾಬಿನಲ್ಲಿ ಟೈಫಾಯ್ಡ್‌ಗೆಂದು ಮಾಡಿಸಿದ ವಿಡಾಲ್ ರಕ್ತಪರೀಕ್ಷೆಯ ಚೀಟಿ. "ಡಾಕ್ಟ್ರಮ್ಮ, ಟೈಫಾಯ್ಡ್ ಬಂದೈತಂತೆ, ಗ್ಲೂಕೋಸ್ ಹಾಕ್ಬುಡಿ." ಜ್ವರದ ಮೊದಲ ವಾರದಲ್ಲಿ ಒಂದೇ ಸಲ ಮಾಡಿದ ವಿಡಾಲ್‌ನಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಹಿಂದೆಂದೋ ಬಂದುಹೋದ ಸೋಂಕಿಗೂ ಅದು ಪಾಸಿಟಿವ್ ತೋರಿಸಬಹುದು. ಆಂಟಿಬಯಾಟಿಕ್ ಕೊಡುವ ಮುಂಚೆಯೇ ಕಲ್ಚರ್‌ಗೆ ರಕ್ತ ತೆಗೆಸಿ, ಆಕೆಯನ್ನು ಕೂರಿಸಿಕೊಂಡು ವಿವರಿಸಿದೆ. ಹೊರಗೆ ಸಾಲು ಬೆಳೆಯುತ್ತಿತ್ತು. ಆದರೂ ಆ ಐದು ನಿಮಿಷ ಚಿಕಿತ್ಸೆಯ ಭಾಗವೇ ಎಂದು ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ.

ಜೂನ್ 15, ಭಾನುವಾರ

ಓದಲು ಕೊಟ್ಟ ಹಳೆಯ ಲೇಖನಗಳ ನಡುವೆ ನಮ್ಮ ತುಮಕೂರು ಜಿಲ್ಲೆಯೇ ಸಿಕ್ಕಿತು! ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಹಳ್ಳಿಯ ಜನ ಕೆಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ, ಅಜ್ಞಾನ ಹೆಚ್ಚು, ಆದ್ದರಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ಇವರು ಆ ಮಾತನ್ನು ನಂಬಿ ಕೂರಲಿಲ್ಲ. ಆಸ್ಪತ್ರೆಗೆ ಬಂದವರನ್ನು ಬಿಟ್ಟು, ಹಳ್ಳಿಗಳ ಸಮೀಕ್ಷೆಯಲ್ಲಿ ಪತ್ತೆಯಾದ ಕ್ಷಯರೋಗಿಗಳನ್ನು ಮಾತಾಡಿಸಿದರು. ಬಹುಪಾಲು ಜನಕ್ಕೆ ತಮಗೇನೋ ಆಗಿದೆ ಎಂದು ಗೊತ್ತಿತ್ತು, ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೋ ಡಾಕ್ಟರ ಬಳಿಗೋ ಹೋಗಿ ಬಂದಿದ್ದರು. ಅಲ್ಲಿ ಸಾಮಾನ್ಯವಾಗಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ.

ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಜನ ಬಂದಿದ್ದರು, ನಾವು ನೋಡಲಿಲ್ಲ. ಆಸ್ಪತ್ರೆಯ ರಿಜಿಸ್ಟರನ್ನು ಎಷ್ಟು ತಿರುವಿದರೂ ಈ ಸತ್ಯ ಸಿಗುತ್ತಿರಲಿಲ್ಲ, ಏಕೆಂದರೆ ಬಾಟಲಿ ಹಿಡಿದು ಮನೆಗೆ ಹೋದವನು ಅದರಲ್ಲಿ ಕ್ಷಯರೋಗಿಯಾಗಿ ಇರುವುದೇ ಇಲ್ಲ. ಭಾಗಾಕಾರದಲ್ಲಿ ಛೇದ ತಪ್ಪಿದರೆ ಉತ್ತರವೂ ತಪ್ಪು ಎಂದು ಮೇಷ್ಟ್ರು ಹೇಳಿಕೊಟ್ಟದ್ದು ಇಲ್ಲಿ ಜೀವದ ಪ್ರಶ್ನೆ. ಕೆನಡಾದ ಮ್ಯಾಕ್‌ಮಾಸ್ಟರ್‌ನಲ್ಲಿ ಡೇವಿಡ್ ಸ್ಯಾಕೆಟ್ ಕ್ಲಿನಿಕಲ್ ಎಪಿಡೆಮಿಯಾಲಜಿಗೆ ವಿಭಾಗ ಕಟ್ಟಿದ್ದು 1967ರಲ್ಲಿ. ಅದಕ್ಕೂ ಮುಂಚೆ ನಮ್ಮ ಹಳ್ಳಿಗಳಲ್ಲಿ ಇಂಥ ಕೆಲಸ ನಡೆದಿತ್ತು ಎಂಬುದನ್ನು ಎಂಬಿಬಿಎಸ್‌ನಲ್ಲಿ ನನಗೆ ಯಾರೂ ಹೇಳಲಿಲ್ಲ.

ಜೂನ್ 26, ಗುರುವಾರ

ಜರ್ನಲ್ ಕ್ಲಬ್. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿದ 'ರೇಷನ್ಸ್' ಪ್ರಯೋಗ, 2023ರಲ್ಲಿ ಪ್ರಕಟವಾದದ್ದು. 2,800 ಕ್ಷಯರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳಿಗೆಲ್ಲ ಆಹಾರ ಕೊಟ್ಟರು. ಒಂದು ಗುಂಪಿನಲ್ಲಿ ಮನೆಯವರಿಗೂ, ದೊಡ್ಡವರಾದರೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು 39% ಕಡಿಮೆಯಾಯಿತು. ಅಕ್ಕಿ ಬೇಳೆಯನ್ನೂ ಔಷಧಿಯಷ್ಟೇ ಶಿಸ್ತಿನಿಂದ ಪರೀಕ್ಷೆಗೆ ಒಡ್ಡಿದ್ದು ನನಗೆ ದೊಡ್ಡದಾಗಿ ಕಂಡಿತು.

"ವ್ಯಕ್ತಿಗಳ ಬದಲು ಕ್ಷಯ ಘಟಕಗಳ ನಡುವೆ ಏಕೆ ಚೀಟಿ ಎತ್ತಿದರು, ಸರ್?" ಎಂದು ಫಾರ್ಮಸಿಸ್ಟ್ ಕೇಳಿದರು. ಉತ್ತರ ಕೊಟ್ಟದ್ದು ನರ್ಸಿಂಗ್ ಆಫೀಸರ್: "ಪಕ್ಕದ ಮನಿಗೆ ಅಕ್ಕಿ ಬಂದು ಇವರ ಮನಿಗೆ ಬರಲಿಲ್ಲ ಅಂದ್ರ ಹಂಚಿಕೊಂಡು ಉಣ್ಣಂಗಿಲ್ಲೇನ್ರೀ?" ಹೌದು, ಹಂಚಿಕೊಂಡರೆ ಎರಡು ಗುಂಪಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಊರಿನ ಬದುಕು ಗೊತ್ತಿದ್ದವರಿಗೆ ಈ ವಿಷಯ ಬೇಗ ದಕ್ಕುತ್ತದೆ.

ಜುಲೈ 6, ಭಾನುವಾರ

ಕೋರ್ಸಿನ ಪ್ರಬಂಧದ ಪ್ರಶ್ನೆ ಖಚಿತವಾಗಿದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿರುವ ದೊಡ್ಡವರು ನಮ್ಮ ಓಪಿಡಿಗೆ ಬಂದಾಗ, ಅವರಲ್ಲಿ ಎಷ್ಟು ಜನರ ಕಫ ಕ್ಷಯ ಪತ್ತೆಹಚ್ಚುವ ಟ್ರೂನ್ಯಾಟ್ ಯಂತ್ರದವರೆಗೆ ತಲುಪುತ್ತದೆ? ಗೈಡ್ ಮೊದಲು ದೊಡ್ಡ ಆಸ್ಪತ್ರೆಯ ಐಸಿಯು ವಿಷಯ ಸೂಚಿಸಿದ್ದರು, ಅಂಕಿಅಂಶ ಸುಲಭವಾಗಿ ಸಿಗುತ್ತದೆಂದು. ಸಿಗುವ ಅಂಕಿಗೆ ತಕ್ಕಂತೆ ಪ್ರಶ್ನೆ ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಹೇಳಿದೆ, ಅವರೂ ಒಪ್ಪಿದರು.

ತೊಡಕು ಇಷ್ಟೇ: ಓಪಿಡಿ ರಿಜಿಸ್ಟರಿನಲ್ಲಿ "ಕೆಮ್ಮು" ಎಂದಿರುತ್ತದೆ, ಎಷ್ಟು ದಿನದ್ದು ಎಂದು ಇರುವುದಿಲ್ಲ. ಹಿಂದಿನ ದಾಖಲೆ ನೆಚ್ಚಿಕೊಂಡರೆ ಆಗದು, ಬಂದವರನ್ನು ಅಂದಂದೇ ಕೇಳಿ ಬರೆಯಬೇಕು. ಚೀಟಿ ಬರೆಯುವ ಸಿಸ್ಟರ್ ಜೊತೆ ಮಾತಾಡಿದೆ. "ಒಂದು ಕಾಲಂ ತಾನೇ ಮೇಡಂ, ಕೇಳ್ತೀನಿ ಬಿಡಿ" ಎಂದರು. ಪಕ್ಕದ ತಾಲ್ಲೂಕುಗಳ ವೈದ್ಯ ಗೆಳೆಯರಿಗೂ ಫೋನ್ ಮಾಡಿ ಕೇಳಿಕೊಂಡಿದ್ದೇನೆ: ಅಧ್ಯಯನಕ್ಕೆ ಸೇರದಿದ್ದರೂ ಪರವಾಗಿಲ್ಲ, ಈ ಕಾಲಂ ಮಾತ್ರ ನಿಮ್ಮಲ್ಲೂ ಶುರುಮಾಡಿ. ನೈತಿಕ ಸಮಿತಿಗೆ ಅರ್ಜಿ ಶುಕ್ರವಾರ ಹೋಗುತ್ತದೆ.